ಚಾವಡಿಗೆ ಆತ್ತಂಗುಡಿ ಟೈಲ್ಸ್: ಕಟಪಾಡಿಯ ಒಂದು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಆತ್ತಂಗುಡಿ ಟೈಲ್ಸ್, ಅಂದರೆ ತಮಿಳುನಾಡಿನಲ್ಲಿ ಕೈಯಲ್ಲೇ ಮಾಡುವ ಸಿಮೆಂಟಿನ ಬಣ್ಣದ ಟೈಲ್ಸ್, ಚಂದ ಉಂಟು, ನಮ್ಮ ಕಡೆಯ ಮಳೆಗೂ ತಡೆಯುತ್ತದೆ. ಆದರೆ ಮನೆ ಇಡೀ ಹಾಕಬೇಡಿ. ಚಾವಡಿಗೆ, ಅಂದರೆ ಮನೆಯ ಎದುರಿನ ಪಡಸಾಲೆಗೆ ಹಾಕಿ, ಬೇಕಾದರೆ ದೇವರ ಕೋಣೆಗೆ ಹಾಕಿ. ಅಡುಗೆಕೋಣೆಗೂ ಬಚ್ಚಲಿಗೂ ಬೇಡವೇ ಬೇಡ. ಅವಸರ ಇದ್ದವರು ಇಷ್ಟು ಓದಿ ಹೋಗಬಹುದು. ಹಣ ಕೊಡುವ ಮೊದಲು ತಿಳಿದಿರಬೇಕಾದ ಸಂಗತಿ ಸುಮಾರುಂಟು, ಅದು ಬೇಕಾದವರು ಕೂತುಕೊಳ್ಳಿ.

ನಮ್ಮದು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಹೈವೇಯಿಂದ ಪಶ್ಚಿಮಕ್ಕೆ ಇಳಿದರೆ ಸಿಗುವ ಹಂಚಿನ ಮನೆ. ಎದುರಿನ ಭಾಗ ಹಾಗೆಯೇ ಇಟ್ಟು ಹಿಂದೆ ಕಾಂಕ್ರೀಟಿನಲ್ಲಿ ಎರಡು ಕೋಣೆ, ಒಂದು ಅಡುಗೆಕೋಣೆ ಸೇರಿಸಿದೆವು. ಚಾವಡಿಯಲ್ಲಿದ್ದ ಹಳೆಯ ಕಾವಿ ನೆಲ (ಕೆಂಪು ಗಾರೆಯದ್ದು) ನಡುವಿನಲ್ಲಿ ಬಿರುಕು ಬಿಟ್ಟು, ಆ ಬಿರುಕಿನಿಂದಲೇ ಗೆದ್ದಲು ಮೇಲೆ ಬರಲು ಶುರುವಾಗಿತ್ತು. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ, ನಾವಿಬ್ಬರು, ರಜೆಗೆ ಬರುವ ಮಗ. ನಾನು ಹಲಸಿನ ಹಪ್ಪಳ ಮಾಡಿ ಮಾರುವವಳು. ಏಪ್ರಿಲ್, ಮೇ ಬಂತೆಂದರೆ ನೆಲದ ಮೇಲೆಯೇ ನನ್ನ ಫ್ಯಾಕ್ಟರಿ. ನೆಲಕ್ಕೆ ಹಲಸಿನ ಮೇಣ ಬೀಳುತ್ತದೆ, ಎಣ್ಣೆ ಬೀಳುತ್ತದೆ, ಪುನರ್ಪುಳಿಯ (ಕೋಕಂ) ರಸ ಬೀಳುತ್ತದೆ. ಅತ್ತೆ ಬೀಳಬಾರದು. ನನ್ನ ಷರತ್ತು ಇಷ್ಟೇ ಇತ್ತು.

ಮಗನ ಷರತ್ತು ಬೇರೆ. ಅವನು ಮೊಬೈಲಿನಲ್ಲಿ ದಿನಕ್ಕೊಂದು ಚಿತ್ರ ಕಳಿಸುವವ. ಹಾಗಾಗಿ ಉಡುಪಿ, ಮಂಗಳೂರು ಎರಡೂ ಕಡೆ ಅಂಗಡಿ ಸುತ್ತಿದ್ದಾಯಿತು. ಈಗ ಹೈವೇ ಉದ್ದಕ್ಕೂ ಗಾಜಿನ ಟೈಲ್ಸ್ ಶೋರೂಮುಗಳೇ. ಒಳಗೆ ಹೊಕ್ಕರೆ ಮೇಲಿನಿಂದ ಬೀಳುವ ಬೆಳಕಿಗೆ ಪ್ರತಿಯೊಂದು ಟೈಲ್ಸೂ ಅರಮನೆಯದ್ದೇ ಅನ್ನಿಸುತ್ತದೆ. ನಾನು ಮಾಡಿದ್ದು ಇಷ್ಟು: ಇಷ್ಟವಾದದ್ದನ್ನು ಒಂದೊಂದು ಹೊರಗೆ ತಂದು, ಹಗಲು ಬೆಳಕಿನಲ್ಲಿ ನೆಲಕ್ಕಿಟ್ಟು, ಅರ್ಧ ಲೋಟ ನೀರು ಚೆಲ್ಲಿ, ಚಪ್ಪಲಿ ಬಿಟ್ಟು ಮೇಲೆ ನಿಂತೆ. ಸೇಲ್ಸಿನ ಹುಡುಗರಿಗೆ ನಗು ಬಂದಿತ್ತು. ಬರಲಿ. ಕನ್ನಡಿಯ ಹಾಗೆ ಹೊಳೆಯುವ ನಾಲ್ಕಡಿ ಉದ್ದದ ಟೈಲ್ಸುಗಳೆಲ್ಲ ಅಲ್ಲಿಯೇ ಬಿದ್ದುಹೋದವು. ನಿಂತಲ್ಲೇ ಹಿಮ್ಮಡಿ ಜಾರಿತು.

ಜಾರುವುದಿಲ್ಲ ಅಂತ ಹೇಳುವ ಟೈಲ್ಸಿಗೆ ಆರ್ ಒಂಬತ್ತು, ಆರ್ ಹತ್ತು, ಆರ್ ಹನ್ನೊಂದು ಅಂತ ನಂಬರು ಇರುತ್ತದೆ, ಹದಿಮೂರರವರೆಗೂ ಉಂಟು. ಆ ನಂಬರು ಬರುವುದು ಜರ್ಮನಿಯವರ ಒಂದು ಪರೀಕ್ಷೆಯಿಂದ: ಎಣ್ಣೆ ಹಾಕಿದ ಇಳಿಜಾರಿನ ಮೇಲೆ ಬೂಟು ಹಾಕಿದವರನ್ನು ನಡೆಸಿ, ಎಷ್ಟು ಓರೆ ಮಾಡಿದಾಗ ಜಾರುತ್ತಾರೆ ಅಂತ ನೋಡುವುದು. ನಮ್ಮಲ್ಲಿ ಮನೆಯೊಳಗೆ ಬೂಟು ಹಾಕುವವರು ಯಾರು ಮಾರಾಯ್ರೆ? ಒದ್ದೆ ಬರಿಗಾಲಿಗೆ ಬೇರೆಯೇ ಪರೀಕ್ಷೆ ಉಂಟು, ಅದರಲ್ಲಿ ಎ, ಬಿ, ಸಿ ಅಂತ ಗುರುತು, ಸಿ ಅತಿ ಹಿಡಿತದ್ದು. ಬಚ್ಚಲಿಗೆ ಕೇಳಬೇಕಾದದ್ದು ಅದನ್ನು. ನಾನು ಕೇಳಿದ ಅಂಗಡಿಗಳಲ್ಲಿ ಒಬ್ಬರು ಮಾತ್ರ ಒಳಗೆ ಹೋಗಿ ಕಂಪನಿಯ ಹಾಳೆ ತಂದು ತೋರಿಸಿದರು. ಬಚ್ಚಲಿನದ್ದನ್ನು ಅವರ ಹತ್ತಿರವೇ ತೆಗೆದುಕೊಂಡೆವು.

ಹೇಳಿ ಮಾಡಿಸುವ ಡಿಸೈನ್ ಅಂತ ತೋರಿಸಿದವುಗಳಲ್ಲಿ ಒಂದು, ವಾಟರ್‌ಜೆಟ್ಟಿನಲ್ಲಿ ಕತ್ತರಿಸಿ ಕೂಡಿಸಿದ ಮಾರ್ಬಲ್ ಹೂವು. ಮರಳಿನಂಥ ಪುಡಿ ಬೆರೆಸಿದ ನೀರನ್ನು ಭಯಂಕರ ಒತ್ತಡದಲ್ಲಿ ಬಿಟ್ಟು ಕಲ್ಲು ಕತ್ತರಿಸುತ್ತಾರೆ. ಜೋಡಣೆಯಲ್ಲಿ ಕೂದಲು ಹೋಗುವಷ್ಟೂ ಸಂದಿಲ್ಲ, ಕೆಲಸ ಮೆಚ್ಚಬೇಕಾದದ್ದೇ. ಚಾವಡಿಯ ನಡುವೆ ಐದಡಿ ಅಗಲದ ತಾವರೆ. ಫೋಟೋ ನೋಡಿದ ಅತ್ತೆ, "ಪದ್ಮದ ಮೇಲೆ ಕಾಲಿಟ್ಟು ನಡೆಯುವುದಾ?" ಅಂದರು. ಆ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು, ಎಪಾಕ್ಸಿಯ (ಹೊಯ್ದ ಮೇಲೆ ಗಟ್ಟಿಯಾಗುವ ರಾಳದ) ತ್ರೀಡಿ ನೆಲ. ನೀಲಿ ಸಮುದ್ರ, ಒಳಗೆ ಮೀನು, ಡಾಲ್ಫಿನ್. ಮಲ್ಪೆ, ಕಾಪು ಎರಡೂ ಬೀಚು ಇಷ್ಟು ಹತ್ತಿರ ಇಟ್ಟುಕೊಂಡು ಬಚ್ಚಲಿಗೆ ಸಮುದ್ರ ಹಾಕಿಸುವವರೂ ಇದ್ದಾರಂತೆ. ಎಪಾಕ್ಸಿಗೆ ಕೆಳಗಿನ ಕಾಂಕ್ರೀಟು ಪೂರ್ತಿ ಒಣಗಿರಬೇಕು. ಕೆಳಗಿನಿಂದ ತೇವ ಏರಿದರೆ ಗುಳ್ಳೆ ಬಂದು ಪದರ ಏಳುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ನೆಲಮಟ್ಟದ ಮನೆಗೆ ಅದು ಹೇಳಿಸಿದ್ದಲ್ಲ. ಮರದ ಹಾಗೆ ಕಾಣುವ ಲ್ಯಾಮಿನೇಟ್ ಅಂತೂ ಕೇಳಲೇಬೇಡಿ. ಒಳಗಿರುವುದು ಮರದ ಪುಡಿ ಒತ್ತಿ ಮಾಡಿದ ಹಲಗೆ, ನೀರು ಕುಡಿದರೆ ಉಬ್ಬುತ್ತದೆ.

ಕಾವಿ ನೆಲವನ್ನೇ ಮತ್ತೆ ಹಾಕಿಸಬಾರದಾ ಅಂತ ಕೇಳುವವರಿದ್ದಾರೆ. ನನಗೂ ಆಸೆ ಇತ್ತು. ಆದರೆ ಅದು ಒಂದೇ ಬೀಸಿಗೆ ಮುಗಿಸಬೇಕಾದ ಕೆಲಸ, ಗಾರೆ ಹಸಿ ಇರುವಾಗಲೇ ಉಜ್ಜಿ ಉಜ್ಜಿ ಹೊಳಪು ತರಬೇಕು. ಆ ಕೈ ಇರುವ ಮೇಸ್ತ್ರಿಗಳು ಈಗ ಬೆರಳೆಣಿಕೆ. ಸಿಕ್ಕವರು ಬರೀ ಸಿಮೆಂಟಿಗೆ ಬಣ್ಣದ ಪುಡಿ ಕಲಸಿ ಎಳೆದು ಹೋಗುತ್ತಾರೆ, ವರ್ಷದೊಳಗೆ ಎಳೆ ಬಿರುಕು. ಮಂಗಳೂರಿನ ಸುಟ್ಟ ಮಣ್ಣಿನ ನೆಲಹಂಚು ಕೂಡ ನೋಡಿದೆವು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಲ್ಲಿಂದ ನಮ್ಮ ಕಡೆ ಸೂರಿಗೂ ನೆಲಕ್ಕೂ ಅದೇ ಮಣ್ಣು ಬಂದದ್ದು. ಕಾಲಿಗೆ ತಂಪು, ಬಣ್ಣವೂ ಚಂದ. ಆದರೆ ನೀರು ಹೀರುತ್ತದೆ, ಗಾಳಿ ಮಳೆಗೆ ತೆರೆದ ಜಗಲಿಯಲ್ಲಿ ಆಗಸ್ಟ್ ಹೊತ್ತಿಗೆ ಹಾವಸೆ ಕಟ್ಟುತ್ತದೆ. ಜಗಲಿಗೆ ಕೊನೆಗೆ ಒರಟು ಮೈಯ ಟೈಲ್ಸ್, ಮೆಟ್ಟಿಲಿಗೆ ಬೆಂಕಿ ಹಾಯಿಸಿ ಒರಟು ಮಾಡಿದ ಗ್ರಾನೈಟ್ ಹಾಕಿದೆವು. ಗ್ರಾನೈಟಿಗೆ ಮಳೆಯ ಹೆದರಿಕೆ ಇಲ್ಲ, ಕಾರ್ಕಳದ ಗೊಮ್ಮಟ 1432ರಿಂದ ಕೊಡೆ ಇಲ್ಲದೆ ನಿಂತಿದ್ದಾನೆ.

ಇನ್ನು ಚಾವಡಿ. ಆತ್ತಂಗುಡಿ ಇರುವುದು ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ, ಕಾರೈಕುಡಿಯ ಹತ್ತಿರ. ಚೆಟ್ಟಿನಾಡಿನ ದೊಡ್ಡ ದೊಡ್ಡ ಮನೆಗಳ ನೆಲ ಇದೇ. ಗೂಡಿನಲ್ಲಿ ಸುಡುವ ಟೈಲ್ಸಲ್ಲ ಇದು, ಸಿಮೆಂಟಿನದ್ದು, ಕೈಯಲ್ಲೇ ಮಾಡುವುದು. ಟೈಲ್ಸ್ ಹಾಕಲು ಅಲ್ಲಿಂದ ಬಂದ ಮೇಸ್ತ್ರಿ ತೋರಿಸಿದ ವಿಡಿಯೋ ನಾನು ಮತ್ತೆ ಮತ್ತೆ ನೋಡಿದ್ದೇನೆ. ಚೌಕದ ಕಬ್ಬಿಣದ ಚೌಕಟ್ಟಿನೊಳಗೆ ಒಂದು ಗಾಜು ಇಡುತ್ತಾರೆ. ಅದರ ಮೇಲೆ ಹೂವಿನ ಆಕಾರದ ತಗಡಿನ ಅಚ್ಚು. ಆ ಅಚ್ಚಿನ ಒಂದೊಂದು ಮನೆಗೆ ಒಂದೊಂದು ಬಣ್ಣದ ಸಿಮೆಂಟು ನೀರನ್ನು ಸಣ್ಣ ಸೌಟಿನಲ್ಲಿ, ನೀರುದೋಸೆ ಹೊಯ್ಯುವ ಹಾಗೆ, ಕೈ ನಿಲ್ಲಿಸದೆ ಹೊಯ್ಯುತ್ತಾರೆ. ಅಚ್ಚು ಮೆಲ್ಲ ಎತ್ತಿದರೆ ಬಣ್ಣಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಬೆರೆಯುವುದಿಲ್ಲ. ಮೇಲೆ ಒಣ ಮರಳು ಸಿಮೆಂಟು ಉದುರಿಸಿ ನೀರು ಎಳೆಸಿ, ಅದರ ಮೇಲೆ ಗಾರೆ ತುಂಬಿ ಸಮ ಮಾಡುತ್ತಾರೆ. ಗಟ್ಟಿಯಾದ ಮೇಲೆ ದಿನಗಟ್ಟಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಒಣಗಿಸಿ ಗಾಜು ಬಿಡಿಸುತ್ತಾರೆ. ಮೇಲ್ಮೈಯ ಹೊಳಪು ಪಾಲಿಶಿನದ್ದಲ್ಲ, ಆ ಗಾಜಿನಿಂದ ಬಂದದ್ದು.

ಹೀಗೆ ಹೊಯ್ದು ಮಾಡುವುದರಿಂದ ಗೆರೆ ಅಲ್ಲಲ್ಲಿ ಅಲುಗಿರುತ್ತದೆ. ಒಂದರ ಕೆಂಪು ಇನ್ನೊಂದರ ಕೆಂಪಿಗಿಂತ ತುಸು ಗಾಢ. ಮೆಷಿನಿನ ಹಾಗೆ ಎಲ್ಲ ಒಂದೇ ಇರಬೇಕು ಅನ್ನುವವರು ದಯವಿಟ್ಟು ತರಿಸಬೇಡಿ, ಆಮೇಲೆ ಮಂಡೆಬಿಸಿ. ಡಿಜಿಟಲ್ ಪ್ರಿಂಟಿನ "ಆತ್ತಂಗುಡಿ ಡಿಸೈನ್" ಟೈಲ್ಸ್ ಪ್ರತಿ ಶೋರೂಮಿನಲ್ಲೂ ಸಿಗುತ್ತದೆ, ಅದೂ ಅಡ್ಡ ಇಲ್ಲ. ಆದರೆ ಪ್ರಿಂಟು ಮೇಲಿನ ಗ್ಲೇಜಿನಲ್ಲಿ, ಗಾಜಿನಂಥ ತೆಳು ಪದರದಲ್ಲಿ ಮಾತ್ರ ಇರುವುದು. ಒನಕೆಯೋ ಕತ್ತಿಯೋ ಬಿದ್ದು ಚಕ್ಕೆ ಎದ್ದರೆ ಒಳಗಿನ ಬಿಳಿ ಕಾಣುತ್ತದೆ. ಸಿಮೆಂಟಿನದ್ದರಲ್ಲಿ ಬಣ್ಣಕ್ಕೆ ದಪ್ಪ ಉಂಟು, ಸಣ್ಣ ಚಕ್ಕೆ ಹೋದರೆ ಗೊತ್ತಾಗುವುದಿಲ್ಲ.

ಆರ್ಡರ್ ಕೊಡುವ ಮೊದಲು ಲೆಕ್ಕದ ಪುಸ್ತಕದ ಚೌಕಗಳಲ್ಲಿ ಚಾವಡಿಯ ನಕ್ಷೆ ಬರೆಯಿರಿ. ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಚಾವಡಿ 12 ಅಡಿ ಅಗಲ, 16 ಅಡಿ ಉದ್ದ. ಟೈಲ್ಸ್ ಹತ್ತಿಂಚಿನದ್ದು. ಅಗಲಕ್ಕೆ ಹದಿನಾಲ್ಕೂ ಚಿಲ್ಲರೆ, ಉದ್ದಕ್ಕೆ ಹತ್ತೊಂಬತ್ತೂ ಚಿಲ್ಲರೆ ಬರುತ್ತದೆ. ಗೋಡೆಯಿಂದ ಗೋಡೆಗೆ ಹೂವು ತುಂಬಿಸಿದರೆ ಎರಡು ಬದಿಯಲ್ಲೂ ಹೂವು ಕತ್ತರಿಸಿ ಹೋಗುತ್ತದೆ. ಅದಕ್ಕೆ ನಡುವಿನಲ್ಲಿ ಹತ್ತಕ್ಕೆ ಹದಿನೈದು ಹೂವಿನದ್ದು, ಸುತ್ತ ಒಂದು ಸಾಲು ಅಂಚು, ಆಮೇಲೆ ಗೋಡೆವರೆಗೆ ಒಂದಡಿಯಷ್ಟು ಸಾದಾ ಕೆಂಪು ಅಂತ ಮಾಡಿದೆವು. ಕತ್ತರಿಸುವುದೆಲ್ಲ ಸಾದಾ ಟೈಲ್ಸಿನಲ್ಲಿ ಮುಗಿಯಿತು, ಹೂವು ಒಂದೂ ತುಂಡಾಗಲಿಲ್ಲ. ಕೆಲವು ಡಿಸೈನಿಗೆ ನಾಲ್ಕು ಟೈಲ್ಸ್ ಸೇರಿದರೆ ಒಂದು ಚಕ್ರ ಆಗುತ್ತದೆ, ಅದಕ್ಕೆ ಎರಡೂ ಕಡೆ ಸಮಸಂಖ್ಯೆ ಬೇಕು. ನಮ್ಮದು ಹದಿನೈದು, ಹಾಗಾಗಿ ಒಂದೇ ಟೈಲ್ಸಿನಲ್ಲಿ ಮುಗಿಯುವ ಎಂಟೆಸಳಿನ ಹೂವು ಆರಿಸಿದೆವು. ಹೂವಿನದ್ದು 150, ಅಂಚಿನದ್ದು 50, ಉಳಿದದ್ದು ಸಾದಾ. ಮೂಲೆಗೆ ಬೇಕಾದದ್ದು ನಾಲ್ಕೇ, ಆರು ತರಿಸಿದೆವು. ಒಂದು ದಾರಿಯಲ್ಲೇ ಒಡೆದಿತ್ತು. ಮೂಲೆಯ ಟೈಲ್ಸ್ ಒಂದು ಕಡಿಮೆ ಬಿದ್ದರೆ ಅದೊಂದಕ್ಕೆ ಮತ್ತೆ ಕಾರೈಕುಡಿಯಿಂದ ಬರಬೇಕು, ಇಲ್ಲಿ ಯಾರ ಹತ್ತಿರವೂ ಸಿಗುವುದಿಲ್ಲ. ಬಣ್ಣ ನೀವು ಹೇಳಿದ್ದೇ ಹೊಯ್ದು ಕೊಡುತ್ತಾರೆ. ನಾವು ಹಸಿರು ತೆಗೆಸಿ ಹಳದಿ, ಕಪ್ಪು, ಕೆಂಪು ಮಾತ್ರ ಇಡಲು ಹೇಳಿದ್ದೆವು, ಅದಕ್ಕೆ ಹೆಚ್ಚು ಹಣ ಕೇಳಲಿಲ್ಲ.

ಖರ್ಚಿನ ವಿಷಯ. ಟೈಲ್ಸಿನ ದರ ಕೇಳಿದಾಗ "ಇಷ್ಟೇನಾ" ಅನ್ನಿಸುತ್ತದೆ, ಶೋರೂಮಿನ ಒಳ್ಳೆಯ ಟೈಲ್ಸಿನಷ್ಟೇ. ಆದರೆ ಒಂದೊಂದು ಮೂರು ಕಿಲೋದ ಹತ್ತಿರ ತೂಗುತ್ತದೆ, ನಮ್ಮ ಸಣ್ಣ ಚಾವಡಿಗೇ ಟನ್ನಿಗೆ ತುಸು ಕಡಿಮೆ ಬಂತು. ಲಾರಿ ಬಾಡಿಗೆ, ಹುಲ್ಲು ಹಾಕಿ ಕಟ್ಟಿದ ಖರ್ಚು, ಇಳಿಸುವ ಕೂಲಿ, ಹಾಕುವವರ ಊಟ ವಸತಿ ಎಲ್ಲ ಸೇರಿ ಟೈಲ್ಸಿನ ದರವನ್ನೇ ಮೀರಿಸಿತು. ದೊಡ್ಡ ಮನೆಯವರಿಗೆ ಲಾರಿ ತುಂಬ ತರಿಸಿದರೆ ಚದರಡಿಗೆ ಕಡಿಮೆ ಬೀಳಬಹುದು. ನಮ್ಮಂಥವರು ನೆರೆಯ ಮನೆಯವರೋ ನೆಂಟರೋ ಯಾರಾದರೂ ಸೇರುತ್ತಾರಾ ನೋಡಿ ಒಟ್ಟಿಗೆ ತರಿಸುವುದು ಒಳ್ಳೆಯದು.

ಹಾಕುವವರನ್ನು ಕಡ್ಡಾಯವಾಗಿ ಅಲ್ಲಿಂದಲೇ ಕರೆಸಿ. ಇಲ್ಲಿಯ ಟೈಲ್ಸಿನವರು ಕೆಟ್ಟವರೆಂದಲ್ಲ, ಅವರ ಕೈ ಪಳಗಿರುವುದು ವಿಟ್ರಿಫೈಡಿಗೆ. ಅದು ತನ್ನ ತೂಕದ ಅರ್ಧ ಶೇಕಡಾ ಕೂಡ ನೀರು ಹೀರದ ಟೈಲ್ಸ್, ಅದರ ಮೇಲೆ ಸಿಮೆಂಟು ನೀರು ಚೆಲ್ಲಿದರೂ ಆಮೇಲೆ ಒರೆಸಬಹುದು. ಆತ್ತಂಗುಡಿಯ ಮೇಲೆ ಚೆಲ್ಲಿದ ಸಿಮೆಂಟು ನೀರು ಅರ್ಧ ಗಂಟೆ ನಿಂತರೆ ಕಲೆ ಶಾಶ್ವತ. ಬಂದ ಮೇಸ್ತ್ರಿ ತಮಿಳು ಬಿಟ್ಟರೆ ಬೇರೆ ಆಡುತ್ತಿರಲಿಲ್ಲ. ಮೊದಲ ದಿನ ಟೈಲ್ಸ್ ಹಾಕಲೇ ಇಲ್ಲ. ಎಲ್ಲವನ್ನೂ ಅಂಗಳದಲ್ಲಿ ಹರಡಿ, ಗಾಢ ಕೆಂಪಿನದ್ದು ಒಂದು ಕಡೆ ರಾಶಿಯಾಗದ ಹಾಗೆ ಕಲಸಿ ಕಲಸಿ ಜೋಡಿಸಿ ನೋಡಿದರು. ಮರುದಿನ ಬಾಗಿಲ ನಡುವಿನಿಂದ ಎದುರು ಗೋಡೆಗೆ ದಾರ ಎಳೆದು ಅಲ್ಲಿಂದ ಶುರು. ಹಳೆ ಮನೆಯ ಗೋಡೆ ಮೂಲೆಮಟ್ಟಕ್ಕೆ ಸರಿ ಇರುವುದಿಲ್ಲವಲ್ಲ, ಗೋಡೆ ಹಿಡಿದು ಹೋದರೆ ಇಡೀ ಹಾಸು ಓರೆ ಕಾಣುತ್ತಿತ್ತು. ಸುತ್ತಿಗೆ ಮುಟ್ಟಲಿಲ್ಲ. ಅಂಗೈಯಲ್ಲಿ ಒತ್ತಿ, ಮರದ ತುಂಡಿನಲ್ಲಿ ಎರಡು ತಟ್ಟು ತಟ್ಟಿ, ಕಿವಿ ಬಗ್ಗಿಸಿ ಕೇಳಿ, ಟೊಳ್ಳು ಸದ್ದು ಬಂದರೆ ಎತ್ತಿ ಕೆಳಗೆ ಗಾರೆ ತುಂಬಿ ಮತ್ತೆ ಕೂರಿಸುತ್ತಿದ್ದರು. ನಡುವೆ ಸಂದು ಬಿಡಲು ಇಡುವ ಸ್ಪೇಸರ್ ಇಲ್ಲ, ಒಂದಕ್ಕೊಂದು ಅಂಟಿಸಿಯೇ. ಸಂದಿಗೆ ಬಣ್ಣದ ಸಿಮೆಂಟು ತುಂಬಿ ಆಗಲೇ ಸ್ಪಂಜಿನಲ್ಲಿ ಒರೆಸಿದರು. ಆ ಸ್ಪಂಜಿನ ಹುಡುಗ ಒಂದು ನಿಮಿಷ ಬೇರೆ ಕಡೆ ನೋಡಿದರೂ ಬೈಗುಳ.

ದಪ್ಪ ಮುಕ್ಕಾಲಿಂಚು ಇರುತ್ತದೆ, ಸಾಮಾನ್ಯ ಟೈಲ್ಸಿನ ಎರಡರಷ್ಟು. ಪಕ್ಕದ ಕೋಣೆಗೆ ಲೆವೆಲ್ ಕೂಡುವುದಿಲ್ಲ, ಮೊದಲೇ ಲೆಕ್ಕ ಹಾಕಿ ಕೆಳಗಿನ ಕಾಂಕ್ರೀಟು ಇಳಿಸಬೇಕು. ನಮ್ಮಲ್ಲಿ ಚಾವಡಿಗೂ ಒಳಗಿನ ಕೋಣೆಗೂ ನಡುವೆ ಹಲಸಿನ ಮರದ ಹಳೆಯ ಹೊಸ್ತಿಲು ಉಂಟು, ಅದು ಈ ತಾಪತ್ರಯ ಉಳಿಸಿತು.

ಕೆಲಸ ಮುಗಿದ ಮೇಲೆ ಇನ್ನೊಂದು ಅಪಾಯ: ಆಸಿಡ್ ವಾಷ್. ನಮ್ಮ ಕಂಟ್ರಾಕ್ಟರಿನ ಜನ ಬೇರೆ ಕೋಣೆಗಳಿಗೆ ಕೊನೆಗೆ ಆಸಿಡ್ ಹಾಕಿ ತೊಳೆಯುವುದು ವಾಡಿಕೆ. ಚಾವಡಿಗೂ ಕ್ಯಾನು ಹಿಡಿದುಕೊಂಡು ಬಂದಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಸಿಮೆಂಟಿನ ಟೈಲ್ಸಿಗೆ ಆಸಿಡ್ ಬಿದ್ದರೆ ಗಾಜು ಕೊಟ್ಟ ಆ ಹೊಳಪು ತಿಂದುಹೋಗುತ್ತದೆ, ಮತ್ತೆ ಬರುವುದಿಲ್ಲ. ಇದಕ್ಕೆ ಮಾಡಬೇಕಾದದ್ದು ಭತ್ತದ ಉಮಿ ಹರಡಿ ಗೋಣಿಯಲ್ಲಿ ಉಜ್ಜುವುದು, ಆಮೇಲೆ ತೆಂಗಿನೆಣ್ಣೆ ತೆಳ್ಳಗೆ ಒರೆಸುವುದು. ಮೊದಲ ಕೆಲವು ದಿನ ಎಣ್ಣೆಗೆ ದೂಳು ಅಂಟಿ ಕಿರಿಕಿರಿ ಆಗುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಒರೆಸುತ್ತಾ ಹೋದರೆ ಸರಿಹೋಗುತ್ತದೆ. ಎಣ್ಣೆ ಬೇಡದವರಿಗೆ ಒಳಗೆ ಇಳಿಯುವ ಸೀಲರ್ ಸಿಗುತ್ತದೆ, ಅದು ದುಬಾರಿ.

ಈಗ ಮಳೆಗಾಲದ ಮಾತು. ಜೂನಿನಲ್ಲಿ ಮಳೆ ಹಿಡಿದಾಗ ಹೊಸ ಕೋಣೆಯ ವಿಟ್ರಿಫೈಡ್ ನೆಲ ಬೆವರಿತು. ಒರೆಸಿದಷ್ಟೂ ತೆಳ್ಳಗೆ ನೀರು. ಚಾವಡಿಯ ನೆಲ ಅದೇ ದಿನ ತಣ್ಣಗಿತ್ತು, ಒದ್ದೆ ಇರಲಿಲ್ಲ. ಸಿಮೆಂಟು ತುಸು ತೇವ ಹೀರಿಕೊಳ್ಳುತ್ತದೆ, ನೀರು ಮೇಲೆ ನಿಲ್ಲುವುದಿಲ್ಲ. ಅತ್ತೆ ಕೋಲು ಊರಿಕೊಂಡು ಕೋಣೆಯಿಂದ ಚಾವಡಿಗೆ ಬಂದು ಕೂರುವುದು ಹೆಚ್ಚಾದದ್ದು ಅದಕ್ಕೇ. ಆದರೆ ಹೀರಿದ ತೇವಕ್ಕೆ ಬೆಲೆಯೂ ಉಂಟು. ಜುಲೈ ಹೊತ್ತಿಗೆ ಉತ್ತರದ ಗೋಡೆ ಬದಿಯ ಸಾದಾ ಕೆಂಪಿನ ಮೇಲೆ ಬಿಳಿ ಉಪ್ಪು ಹೂ ಬಿಟ್ಟಿತು. ಸಿಮೆಂಟಿನೊಳಗಿನ ಉಪ್ಪು ತೇವದೊಟ್ಟಿಗೆ ಮೇಲೆ ಬಂದು ನೀರು ಆರಿದಾಗ ಉಳಿಯುವುದು ಅದು. ಮೇಸ್ತ್ರಿಗೆ ಫೋನಿನಲ್ಲಿ ಫೋಟೋ ಕಳಿಸಿದೆ. ಒಣ ಬ್ರಷ್ಷಿನಲ್ಲಿ ಗುಡಿಸಿ, ನೀರು ಹಾಕಬೇಡಿ, ಮಳೆ ಬಿಟ್ಟ ಮೇಲೆ ಎಣ್ಣೆ ಹಚ್ಚಿ ಅಂದರು. ಹಾಗೆಯೇ ಮಾಡಿದೆ. ಈಗ ಹತ್ತಿರದಿಂದ ನೋಡಿದರೆ ಮಾತ್ರ ಎರಡು ಮೂರು ಟೈಲ್ಸಿನಲ್ಲಿ ಮಸುಕು ಕಾಣುತ್ತದೆ. ಇದೊಂದು ದೂರು ನನ್ನದು, ಬರೆದಿಡುತ್ತೇನೆ.

ಹಲಸಿನ ಮೇಣದ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಮೇಣಕ್ಕೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಬಿಡುತ್ತದೆ, ಉಳಿದ ಎಣ್ಣೆಯನ್ನು ಅಲ್ಲೇ ಒರೆಸಿ ಹರಡಿದರೆ ನೆಲಕ್ಕೂ ಹೊಳಪು. ಮೇಣ ಬಿದ್ದಲ್ಲೆಲ್ಲ ನನ್ನ ನೆಲ ಉಳಿದ ಕಡೆಗಿಂತ ಚಂದ ಉಂಟು! ಪುನರ್ಪುಳಿಯದ್ದು ಉಲ್ಟಾ. ಉಳಿದ ಒಂದು ಟೈಲ್ಸಿನ ಮೇಲೆ ಬೇಕಂತಲೇ ಒಂದು ಚಮಚ ರಸ ಹಾಕಿ ಊಟ ಮುಗಿಯುವವರೆಗೆ ಬಿಟ್ಟೆ. ಒರೆಸಿದಾಗ ಹಳದಿ ಎಸಳು ಗುಲಾಬಿಯಾಗಿ, ಮೈ ಒರಟಾಗಿತ್ತು. ಹುಳಿ ಸಿಮೆಂಟನ್ನು ತಿನ್ನುತ್ತದೆ. ಹುಣಸೆ, ಲಿಂಬೆ, ಮಜ್ಜಿಗೆ ಎಲ್ಲದರದ್ದೂ ಅದೇ ಕಥೆ. ಅಡುಗೆಕೋಣೆಗೆ ಬೇಡ ಅಂದದ್ದು ಇದಕ್ಕೇ. ಮಾರ್ಬಲಿಗೂ ಶಹಾಬಾದು, ಕಡಪ ಕಲ್ಲಿಗೂ ಹುಳಿ ಆಗುವುದಿಲ್ಲ. ನಮ್ಮಂಥ ಹುಳಿ ತಿನ್ನುವ ಊರಿನ ಅಡುಗೆಕೋಣೆಗೆ ಮ್ಯಾಟ್ (ಹೊಳಪಿಲ್ಲದ) ವಿಟ್ರಿಫೈಡ್ ಬಿಟ್ಟರೆ ನನಗೆ ಬೇರೆ ಕಾಣುವುದಿಲ್ಲ.

ಆ ಅಡುಗೆಕೋಣೆಯ ಟೈಲ್ಸಿನ ಬಗ್ಗೆ ಎರಡೇ ಮಾತು. ಉಡುಪಿಯ ಒಂದು ಅಂಗಡಿಯಿಂದ ಬಂದ ಡಬ್ಬಿಗಳಲ್ಲಿ ಎರಡರ ಬ್ಯಾಚ್ ನಂಬರು ಬೇರೆ ಇತ್ತು, ಬಣ್ಣದಲ್ಲಿ ಬೂದಿ ಒಂದು ಛಾಯೆ ಹೆಚ್ಚು. ಡಬ್ಬಿ ಒಡೆಯುವ ಮೊದಲು ನೋಡಿದ್ದರಿಂದ ಬದಲಿಸಿ ಕೊಟ್ಟರು, ಹಾಕಿದ ಮೇಲಾದರೆ ಯಾರೂ ಕೇಳುವುದಿಲ್ಲ. ಸಂದಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ, ಸಿಮೆಂಟಿನ ಗ್ರೌಟ್ ಅರಸಿನಕ್ಕೆ ಹಳದಿ ಹಿಡಿಯುತ್ತದೆ.

ಒಟ್ಟು ಅಂಕ ಕೊಡಿ ಅಂದರೆ ಟೈಲ್ಸಿಗೆ ಹತ್ತಕ್ಕೆ ಎಂಟು, ಹಾಕಿದ ಮೇಸ್ತ್ರಿಗೆ ಹತ್ತಕ್ಕೆ ಹತ್ತು, ಲಾರಿಯವರಿಗೆ ನಾಲ್ಕು. ಸಮಯಕ್ಕೆ ಬಾರದೆ, ಮೇಲಿಂದ ಗೇಟಿನ ಹೊರಗೇ ಇಳಿಸಿ ಹೋದರು.

ತರಿಸುವವರು ದೀಪಾವಳಿ ಕಳೆದ ಕೂಡಲೇ ಆರ್ಡರ್ ಕೊಡಿ. ಮಾಡಿ, ನೀರಲ್ಲಿಟ್ಟು, ಒಣಗಿಸಿ, ಲಾರಿ ಹತ್ತಿಸುವುದಕ್ಕೇ ತಿಂಗಳ ಮೇಲೆ ಬೇಕು. ಜನವರಿ, ಫೆಬ್ರವರಿಯಲ್ಲಿ ಹಾಕಿಸಿದರೆ ಕೆಳಗಿನ ಗಾರೆ ಮಳೆಗೆ ಮೊದಲು ಪೂರ್ತಿ ಒಣಗುತ್ತದೆ, ಉಪ್ಪು ಬರುವುದು ಕಡಿಮೆ. ನಮ್ಮದು ಏಪ್ರಿಲ್ ಕೊನೆಗೆ ಮುಗಿದದ್ದು, ಆ ಬಿಳಿ ಕಲೆಗೆ ಅದೂ ಒಂದು ಕಾರಣ ಅಂತ ಮೇಸ್ತ್ರಿ ಹೇಳಿದರು. ಮಾರ್ಚ್ ದಾಟಿತೆಂದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.